ಬೋಗಿ ಎಲ್ಲಿ ನಿಲ್ಲುತ್ತೆ?

ಮಂಡ್ಯ ಸ್ಟೇಷನ್ನಿನಲ್ಲಿ ರೈಲು ನಿಲ್ಲುವುದು ಒಂದೆರಡು ನಿಮಿಷ. ಸೀಟು ಸಿಗುತ್ತದೋ ಇಲ್ಲವೋ ಆಮೇಲಿನ ಮಾತು. ಮೊದಲು ನಮ್ಮ ಬೋಗಿ ಎಲ್ಲಿ ಬಂದು ನಿಲ್ಲುತ್ತದೆ ಅನ್ನೋದು ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಕೈಯಲ್ಲಿ ಬ್ಯಾಗು, ಸೊಂಟದ ಮೇಲೆ ಮಗು ಇಟ್ಟುಕೊಂಡು ಇಡೀ ಸಂಸಾರ ಪ್ಲಾಟ್‌ಫಾರಂ ಉದ್ದಕ್ಕೂ ಓಡಬೇಕು. ಬೋಗಿಯ ಜಾಗ ತೋರಿಸುವ ಬೋರ್ಡುಗಳಿವೆ, ಇಲ್ಲವೆಂದಲ್ಲ. ಆದರೆ ನಮ್ಮವರು ಬೋರ್ಡನ್ನು ನೋಡಿದ ಮೇಲೂ ಕಡಲೆಕಾಯಿ ಮಾರುವವನನ್ನು ಒಂದು ಮಾತು ಕೇಳಿಯೇ ನಂಬುವುದು. "ಇನ್ನೊಸಿ ಮುಂದಕ್ಕೆ ಹೋಗಿ ಸಾ, ಆ ನಲ್ಲಿ ತಾವ ಬತ್ತದೆ." ನಲ್ಲಿ ತಾವವೇ ಬರುತ್ತದೆ.

ಈ ಓಡಾಟವನ್ನು ನೋಡುತ್ತಾ ನನಗೆ ಅನ್ನಿಸಿದ್ದಿಷ್ಟು: ದರ್ಜೆ ಅನ್ನೋದು ರೈಲಿನೊಳಗೆ ಅಲ್ಲ, ಪ್ಲಾಟ್‌ಫಾರಂ ಮೇಲೇ ಶುರುವಾಗುತ್ತದೆ. ಸಾಮಾನ್ಯವಾಗಿ ಜನರಲ್ ಬೋಗಿಗಳು ರೈಲಿನ ಎರಡು ತುದಿಗೆ, ಎ.ಸಿ. ಬೋಗಿಗಳು ಹೊಟ್ಟೆಯ ಭಾಗಕ್ಕೆ. ಸ್ಟೇಷನ್ನಿನ ಬಾಗಿಲು, ಮೆಟ್ಟಿಲು, ಕಾಫಿ ಅಂಗಡಿ, ಫ್ಯಾನು, ಎಲ್ಲಕ್ಕಿಂತ ಮುಖ್ಯವಾಗಿ ಚಾವಣಿ, ಇವೂ ಹೆಚ್ಚಾಗಿ ನಡುವಿಗೇ. ಹೆಚ್ಚು ದುಡ್ಡು ಕೊಟ್ಟವರು ನೆರಳಿನಲ್ಲಿ ನಿಂತು ಕಾಯುತ್ತಾರೆ. ಕಡಿಮೆ ಕೊಟ್ಟವರು ಚಾವಣಿ ಮುಗಿದ ಮೇಲೆ, ಪ್ಲಾಟ್‌ಫಾರಂ ಇಳಿಜಾರಾಗುವ ಕಡೆ, ತಲೆಯ ಮೇಲೆ ಟವೆಲ್ ಹಾಕಿಕೊಂಡು ಬಿಸಿಲಿನಲ್ಲಿ. ಉಗಿಬಂಡಿಯ ಕಾಲದಲ್ಲಿ ಇದಕ್ಕೊಂದು ಸಬೂಬಾದರೂ ಇತ್ತು: ಇಂಜಿನ್ ಪಕ್ಕದ ಬೋಗಿಯವರ ಬಿಳಿ ಪಂಚೆ ಇಳಿಯುವಷ್ಟರಲ್ಲಿ ಮಸಿಬಟ್ಟೆಯಾಗುತ್ತಿತ್ತು, ಆದ್ದರಿಂದ ದೊಡ್ಡವರು ದೂರ ಕೂರುತ್ತಿದ್ದರು. ಈಗ ಹೊಗೆಯಿಲ್ಲ. 2022ರ ನವೆಂಬರ್ 11ರಂದು ಮೈಸೂರು–ಚೆನ್ನೈ ನಡುವೆ ಶುರುವಾದ ವಂದೇ ಭಾರತ್‌ಗೆ ಬೇರೆ ಇಂಜಿನ್ನೇ ಇಲ್ಲ. ಆದರೂ ಹದಿನಾರು ಬೋಗಿಗಳ ಆ ರೈಲಿನಲ್ಲಿ ಎರಡು ಎಕ್ಸಿಕ್ಯೂಟಿವ್ ಬೋಗಿಗಳನ್ನು ನಟ್ಟನಡುವೆಯೇ ಇಟ್ಟರು. ಮೂರನೇ ದರ್ಜೆ ಎಂಬ ಹೆಸರನ್ನು 1974ರಲ್ಲಿ ತೆಗೆದುಹಾಕಿದಾಗಲೂ ಹೀಗೇ ಆಯಿತು. ಅದರಲ್ಲಿ ಕೂತಿದ್ದವರೆಲ್ಲ ಕೂತಲ್ಲೇ ಎರಡನೇ ದರ್ಜೆಗೆ ಬಡ್ತಿ ಪಡೆದರು. ಮರದ ಹಲಗೆಗೆ ಮಾತ್ರ ಬಡ್ತಿಯ ಸುದ್ದಿ ತಡವಾಗಿ ತಲುಪಿತು.

ಜನರಲ್ ಬೋಗಿಯಲ್ಲಿ ಸೀಟಿಗೆ ಯಾರ ಹೆಸರೂ ಇಲ್ಲ. ಹಾಗಂತ ಕಾನೂನು ಇಲ್ಲವೆಂದುಕೊಂಡರೆ ಕೆಟ್ಟಿರಿ. ಕಿಟಕಿಯ ಸರಳಿನ ಸಂದಿಯಿಂದ ಹಾಕಿದ ಕರ್ಚೀಫಿಗೆ ಮಾನ್ಯತೆಯುಂಟು. ನ್ಯೂಸ್ ಪೇಪರಿಗೆ ಅಷ್ಟಿಲ್ಲ, ಯಾರಾದರೂ ಓದಲು ಎತ್ತಿಕೊಂಡು ಅಲ್ಲೇ ಕೂತುಬಿಡಬಹುದು. ಊಟದ ಡಬ್ಬಿಯ ಬ್ಯಾಗು ಗಟ್ಟಿ ದಾಖಲೆ. ನೀರಿನ ಬಾಟಲಿಯ ವಿಷಯದಲ್ಲಿ ಜಗಳವಾಗಿದ್ದುಂಟು. ಬೆಂಗಳೂರಿಗೆ ದಿನಾ ಹೋಗಿಬರುವ ಪಾಸಿನವರ ಗುಂಪಿಗಂತೂ ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ ಮದುವೆಮನೆಯ ಪಂಕ್ತಿಯ ಹಾಗೆ. ಮೈಸೂರಿನಲ್ಲಿ ಹತ್ತಿದವರು ಪಾಂಡವಪುರದವರಿಗೆ ಜಾಗ ಹಿಡಿದಿರುತ್ತಾರೆ, ಪಾಂಡವಪುರದವರು ಮಂಡ್ಯದವರಿಗೆ. ಹೊಸಬರು ಬಂದು "ಇಲ್ಲಿ ಯಾರಾದ್ರೂ ಅವ್ರಾ?" ಅಂದರೆ "ಬತ್ತಾರೆ" ಎಂಬ ಒಂದೇ ಪದದ ಉತ್ತರ. ಯಾರು, ಯಾವಾಗ, ಎಲ್ಲಿಂದ ಎಂದು ಕೇಳುವ ಅಧಿಕಾರ ಹೊಸಬರಿಗಿಲ್ಲ.

ನಿಂತವರಿಗೂ ರಿಸರ್ವೇಶನ್ ಉಂಟು. ಕೂತವರನ್ನು ನೋಡಿ ನಗುತ್ತಾ "ಎಲ್ಲಿ ಇಳೀತೀರಾ?" ಅಂತ ಕೇಳಿದರೆ ಅದು ಕುಶಲಪ್ರಶ್ನೆಯಲ್ಲ, ಸೀಟು ಬುಕ್ ಮಾಡುವ ಕ್ರಮ. "ರಾಮನಗರ" ಎಂಬ ಉತ್ತರ ಬಂದರೆ ಟಿಕೆಟ್ ಖಚಿತವಾಯಿತು. ಅಲ್ಲಿಂದ ಮುಂದೆ ಆ ಸೀಟಿನ ಪಕ್ಕವನ್ನು ಬಿಟ್ಟು ಅಲ್ಲಾಡಬಾರದು. ಚನ್ನಪಟ್ಟಣದಲ್ಲಿ ಹತ್ತಿದ ಯಾರೋ ನಡುವೆ ತೂರಿದರೆ, ಇಳಿಯುವವರೇ ಕೈ ತೋರಿಸಿ "ಇವರು ಮೊದ್ಲೇ ಕೇಳವ್ರೆ" ಎಂದು ಸಾಕ್ಷಿ ಹೇಳುತ್ತಾರೆ. ಇಷ್ಟು ನ್ಯಾಯವಾಗಿ ಯಾವ ಕಂಪ್ಯೂಟರೂ ಸೀಟು ಹಂಚಿದ್ದನ್ನು ನಾನು ನೋಡಿಲ್ಲ. ಇನ್ನು ಮೂವರ ಸೀಟಿಗೆ ನಾಲ್ಕನೆಯವರಾಗಿ "ಒಸಿ ಜರುಗಣ್ಣ" ಎಂದು ಬರುವವರ ಬಗ್ಗೆ ಹೇಳುವುದೇ ಬೇಡ. ಮೊದಲು ತುದಿಯಲ್ಲಿ ಅಂಗೈಯಗಲ ಜಾಗ. ಮದ್ದೂರು ದಾಟುವಷ್ಟರಲ್ಲಿ ಬೆನ್ನು ಒರಗಿರುತ್ತದೆ. ವಡೆ ಕೊಂಡರೆ ಅರ್ಧ ಮುರಿದು ನಮಗೂ ಕೊಟ್ಟಿರುತ್ತಾರೆ. ಆಮೇಲೆ ಜರುಗಿದ್ದಕ್ಕೆ ಬೇಸರಪಡುವುದು ಹೇಗೆ? ಮದ್ದೂರಿನಲ್ಲಿ ನಿಲ್ಲದ ರೈಲಿನ ಎಕ್ಸಿಕ್ಯೂಟಿವ್ ಬೋಗಿಯವರಿಗೆ ತಾನೇ ಬಾಗಿಲು ಹಾಕಿಕೊಳ್ಳುವ ವ್ಯವಸ್ಥೆಯಿದೆ, ವಡೆಯಿಲ್ಲ.

ಆದರೆ ಅವರ ಸೀಟು ತಿರುಗುತ್ತದೆ. ಬೇಕೆಂದರೆ 180 ಡಿಗ್ರಿ ತಿರುಗಿಸಿಕೊಂಡು ರೈಲು ಹೋಗುವ ಕಡೆಗೇ ಮುಖಮಾಡಿ ಕೂರಬಹುದು. ಇದರ ಬೆಲೆ ಮೈಸೂರಿನವರಿಗೆ ಚೆನ್ನಾಗಿ ಗೊತ್ತು. ಬೆಂಗಳೂರಿನ ಹಳಿ, ಹಾಸನದ ಹಳಿ ಎರಡೂ ಮೈಸೂರಿಗೆ ಬಂದು ಸೇರುವುದು ಉತ್ತರದ ಕಡೆಯಿಂದ. ಹೀಗಾಗಿ ಬೆಂಗಳೂರಿಂದ ಮೈಸೂರಿಗೆ ಬಂದು ಹಾಸನದ ಕಡೆ ಹೋಗುವ ರೈಲಿಗೆ ಇಲ್ಲಿ ಇಂಜಿನ್ನು ಇನ್ನೊಂದು ತುದಿಗೆ ಬರಬೇಕು. ಅಲ್ಲಿಯವರೆಗೆ ಮುಂದೆ ನೋಡುತ್ತಾ ಬಂದ ಕಿಟಕಿ ಸೀಟಿನವರು ಅಲ್ಲಿಂದ ಹಿಂದಕ್ಕೆ ನೋಡುತ್ತಾ ಹೋಗಬೇಕು. ಮೊದಲ ಬೋಗಿ ಕೊನೆಯದಾಗುತ್ತದೆ, ಕೊನೆಯದು ಮೊದಲನೆಯದಾಗುತ್ತದೆ. ಏನೂ ಆಗದಿರುವುದು ನಡುವಿನ ಎ.ಸಿ. ಬೋಗಿಗೆ ಮಾತ್ರ. ಇಂಜಿನ್ನು ಎಲ್ಲಿಗೆ ಹೋದರೂ ಅದು ನಡುವೆಯೇ.

ನಂಬರಿನ ಹಂಗಿಲ್ಲದ ಸೀಟು ನೋಡಬೇಕೆಂದರೆ ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಹೋಗಬೇಕು. ಕೆ.ಆರ್.ಎಸ್. ರಸ್ತೆಯಲ್ಲಿ 1979ರಲ್ಲಿ ಶುರುವಾದ ಈ ಮ್ಯೂಸಿಯಂನಲ್ಲಿ 1899ರ ಮಹಾರಾಣಿಯವರ ಸಲೂನ್ ಬೋಗಿ ಇದೆ. ಅಡುಗೆಮನೆ, ಊಟದ ಜಾಗ, ಶೌಚಾಲಯ ಎಲ್ಲ ಅದರಲ್ಲೇ. ಮಹಾರಾಣಿಯವರಿಗೆ ಯಾವ ಸೀಟು ಎಂದು ಯಾರೂ ಕೇಳುತ್ತಿರಲಿಲ್ಲ. ಇವತ್ತಿಗೂ ಫಸ್ಟ್ ಎ.ಸಿ. ಟಿಕೆಟ್ ಖಚಿತವಾದರೂ ಕ್ಯಾಬಿನ್ ಯಾವುದು, ಬರ್ತ್ ಯಾವುದು ಎಂಬುದು ಚಾರ್ಟ್ ಆದ ಮೇಲೇ ತಿಳಿಯುವುದು. ಜನರಲ್‌ನವರಿಗೂ ನಂಬರಿಲ್ಲ, ರಾಣಿಗೂ ನಂಬರಿಲ್ಲ. ಟಿಕೆಟ್ ಕೊಂಡ ಕ್ಷಣದಿಂದ ನಂಬರನ್ನು ಜಪಿಸುವವರು ಇಬ್ಬರ ನಡುವಿನ ನಾವು.

ಜಪಿಸಿ ಆಗುವುದೇನು? ಮೈಸೂರಿನಿಂದ ಹೊರಡುವ ರಾತ್ರಿ ರೈಲಿನ ಸ್ಲೀಪರ್ ಹತ್ತಿ ನೋಡಿ. ಬೋಗಿಯ ಹೊರಗೆ ಚಾರ್ಟ್ ಅಂಟಿಸುತ್ತಿದ್ದ ಕಾಲದಲ್ಲಿ ಎದುರು ಬರ್ತಿನವರ ಹೆಸರು, ವಯಸ್ಸು ಮೊದಲೇ ಓದಿಕೊಂಡು ಹತ್ತುತ್ತಿದ್ದೆವು. 2018ರ ಸುಮಾರಿಗೆ ಅದು ನಿಂತುಹೋಗಿ, ಪ್ರಯಾಣದ ಕುತೂಹಲವೇ ಅರ್ಧವಾಯಿತು. ಅದಲುಬದಲು ಮಾತ್ರ ನಿಂತಿಲ್ಲ. ಮಂಡಿನೋವಿನ ಅಜ್ಜಿಗೆ ಅಪ್ಪರ್ ಬಂದಿರುತ್ತದೆ, ಕಾಲೇಜು ಹುಡುಗನಿಗೆ ಲೋಯರ್. ಗಂಡ ಎಸ್-2ರಲ್ಲಿ, ಹೆಂಡತಿ ಎಸ್-5ರಲ್ಲಿ. ಮಧ್ಯೆ ಯಾರೋ ಹಿರಿಯರು ಪಂಚಾಯಿತಿಗೆ ಕೂರುತ್ತಾರೆ. "ನೀನಿಲ್ಲಿಗೆ ಬಾಪ್ಪ, ಇವರು ಅಲ್ಲಿಗೆ ಹೋಗ್ಲಿ, ಅಜ್ಜಿ ಕೆಳಗೆ ಮಲಕ್ಕಳ್ಳಿ." ಟಿ.ಟಿ. ಬರುವ ಹೊತ್ತಿಗೆ ಯಂತ್ರ ಹೇಳಿದ ಜಾಗದಲ್ಲಿ ಅರ್ಧ ಬೋಗಿ ಇರುವುದಿಲ್ಲ. ಅವರು ಕೈಯ ಟ್ಯಾಬನ್ನು ಒಮ್ಮೆ ನೋಡಿ, ನಮ್ಮನ್ನೊಮ್ಮೆ ನೋಡಿ, "ನಿಮ್ ಒರಿಜಿನಲ್ ನಂಬರ್ ಎಷ್ಟೂಂತ ಹೇಳಿ ಸಾಕು, ಎಲ್ಲಾದ್ರೂ ಮಲಕ್ಕೊಳ್ಳಿ" ಎಂದು ಟಿಕ್ ಹಾಕಿ ಮುಂದಿನ ಬೋಗಿಗೆ ಹೋಗುತ್ತಾರೆ.