ಕೊಡಲಿ ನೋಡಿದ್ದು ಸಾಕು, ಮಕ್ಕಳ ಕೈಗೂ ಕಲ್ಲು ಕೊಡಿ
ಮ್ಯೂಸಿಯಂನಲ್ಲಿ ಸುಮ್ನೆ ವಸ್ತು ಇಟ್ಟರೆ ಸಾಲದು, ಜನ ಸೇರುವ ಕಾರ್ಯಕ್ರಮವೂ ಬೇಕು ಎನ್ನುತ್ತಾರೆ. ಸರಿಯಾದ ಮಾತು. ಶಿಲಾಯುಗದ ವಸ್ತುಗಳಿರುವ ನಮ್ಮ ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಮ್ಯೂಸಿಯಂ ಅದಕ್ಕೆ ಹೇಳಿ ಮಾಡಿಸಿದ ಜಾಗ. ಪಕ್ಕದ ಸಂಗನಕಲ್ಲು ಗುಡ್ಡದಲ್ಲಿ ಸಾವಿರಾರು ವರ್ಷಗಳ ಹಿಂದೆ ಕಲ್ಲಿನ ಕೊಡಲಿ ಮಾಡುವ ಕಾರ್ಖಾನೆಯೇ ಇತ್ತು. ಕರಿಗಲ್ಲು ಒಡೆದು, ಚಕ್ಕೆ ಎಬ್ಬಿಸಿ, ಆಮೇಲೆ ಬಂಡೆಗೆ ಉಜ್ಜಿ ನುಣುಪು ಮಾಡುತ್ತಿದ್ದರು. ಉಜ್ಜಿ ಉಜ್ಜಿ ಬಂಡೆಯಲ್ಲೇ ಗುಳಿ ಬಿದ್ದಿವೆ. ಮಕ್ಕಳ ಕೈಗೆ ಒಂದು ಕಲ್ಲು ಕೊಟ್ಟು ಉಜ್ಜಲು ಹೇಳಿ, ಭಾಷಣವೇ ಬೇಡ. ಬಳ್ಳಾರಿ ಹತ್ತಿರದ ಕುಡತಿನಿಯಲ್ಲಿ ಆ ಕಾಲದ ಜನ ಬಿಟ್ಟುಹೋದ ಬೂದಿದಿಬ್ಬ, ಅಂದರೆ ಬೂದಿಯ ಗುಡ್ಡೆ, ಸುಟ್ಟ ಸಗಣಿಯದ್ದು ಅಂದರೆ ಈಗಲೂ ಎಷ್ಟೋ ಜನ ನಂಬಲ್ಲ, ಅದನ್ನೂ ತೋರಿಸಬೇಕು. ಆದರೆ ಗುಡ್ಡದ ಕಾರ್ಯಕ್ರಮ ಬೆಳಿಗ್ಗೆಯೇ ಇಡಿ. ಬಳ್ಳಾರಿ ಬಿಸಿಲಲ್ಲಿ ಮಧ್ಯಾಹ್ನ ಯಾರು ಹತ್ತುತ್ತಾರೆ, ಅಲ್ವಾ?