ಬೂಷ್ಟಿಗಿಂತ ಬಿಸಿಲು ನೋಡಿ

ಹಳೆಯ ಕ್ಯಾಮೆರಾ ಕೊಳ್ಳುವ ಬಗೆಗಿನ ಲೇಖನವೊಂದರಲ್ಲಿ, ಲೆನ್ಸಿನಲ್ಲಿ ಬೂಷ್ಟು ಇದೆಯೇ ಎಂದು ನೋಡಿದರೆ ಸಾಕೆಂದು ಲೇಖಕರು ಬರೆದಿದ್ದಾರೆ. ತೇವ ಹೆಚ್ಚಿರುವ ಕರಾವಳಿಗೆ ಅದು ಸರಿ. ಕಲಬುರಗಿಯಲ್ಲಿ ತಂದೆಯವರ ಕಾಲದಿಂದ ಕ್ಯಾಮೆರಾ ಮಾರಾಟ, ರಿಪೇರಿ ಮಾಡಿಕೊಂಡು ಬಂದಿರುವ ನಮಗೆ ಬಿಸಿಲಿನ ಕಾಟವೇ ಹೆಚ್ಚು. ಮೇ ತಿಂಗಳಲ್ಲಿ ಕಾರಿನೊಳಗೆ ಬಿಟ್ಟ ಲೆನ್ಸಿನ ಗ್ರೀಸ್ ತೆಳುವಾಗಿ ಹರಿದು, ಬೆಳಕು ಬರುವ ರಂಧ್ರವನ್ನು ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ಎಲೆಗಳಿಗೆ ಅಂಟುತ್ತದೆ. ಆಮೇಲೆ ಎಲೆಗಳು ತಡವಾಗಿ ಮುಚ್ಚಿ, ಬೆಳಕು ಹೆಚ್ಚಾಗಿ ಚಿತ್ರ ಬೆಳ್ಳಗಾಗುತ್ತದೆ. ನಿಕಾನ್ ಲೆನ್ಸಾದರೆ ಎಫ್ 16ಕ್ಕೆ (ರಂಧ್ರ ಕಿರಿದಾಗುವ ಅಳತೆ) ಇಟ್ಟು, ಹಿಂಬದಿಯ ಸಣ್ಣ ಲಿವರ್ ಸರಿಸಿ, ಕೈ ಬಿಡಿ. ಎಲೆಗಳು ಚಟಕ್ಕನೆ ಮುಚ್ಚಬೇಕು. ಎಣ್ಣೆಯ ಹೊಳಪು ಕಂಡರೆ ಮುಲಾಜಿಲ್ಲದೆ ಬೆಲೆ ಇಳಿಸಿ ಕೇಳಿ (ಅಂಗಡಿಯವನಾಗಿ ನಾನು ಇದನ್ನು ಹೇಳಬಾರದು!).

ಇನ್ನು, ಬ್ಯಾಟರಿ ಸತ್ತಿದೆ ಎಂದು ನಿಕಾನ್ ಎಫ್‌ಎಂ2 ಎಂಬ ಫಿಲ್ಮ್ ಕ್ಯಾಮೆರಾವನ್ನು ಗುಜರಿಗೆ ಹಾಕುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. 1982ರಲ್ಲಿ ಬಂದ ಆ ಕ್ಯಾಮೆರಾಕ್ಕೆ ಬ್ಯಾಟರಿ ಬೇಕಿರುವುದು ಬೆಳಕು ಅಳೆಯಲು ಮಾತ್ರ. ಫಿಲ್ಮಿಗೆ ಬೆಳಕು ಬಿಡುವ ಪರದೆಯಾದ ಶಟರ್ ಸ್ಪ್ರಿಂಗಿನಿಂದಲೇ ಓಡುತ್ತದೆ.