ನಂಬರ್ ಗಟ್ಟಿ ಇದ್ದರೆ ಜೀಪೂ ಗಟ್ಟಿ

ನಮ್ಮ ಕಾಕಾನ ಜೀಪಿನ ಚಾಸಿ, ಅಂದರೆ ಇಡೀ ಗಾಡಿ ಕೂತಿರುವ ಉಕ್ಕಿನ ಚೌಕಟ್ಟು, ಎರಡು ತುಂಡಾಗಲು ಮೂರು ಬೆರಳಷ್ಟು ಬಾಕಿ ಇತ್ತು. ಜೇವರ್ಗಿ ಕಡೆಯ ಹೊಲದಿಂದ ತೊಗರಿ ಚೀಲ ಹೊತ್ತು ಕಲಬುರಗಿಯ ಗಂಜ್ ಮಾರುಕಟ್ಟೆಗೆ ಬರುವ ಜೀಪು ಅದು. ಸ್ವಂತ ಬಳಕೆಯ ಗಾಡಿಯಲ್ಲಿ ಚೀಲ ಹೇರುವುದೂ ತಪ್ಪೇ, ಆದರೆ ಇವತ್ತಿನ ಮಾತು ಅದಲ್ಲ. ಹಿಂದಿನ ಎಡಗಾಲಿಯ ಮೇಲೆ, ಕಮಾನು ಪಟ್ಟಿ ಚಾಸಿಗೆ ಕೂಡುವ ಕಡೆ, ಬಿರುಕು ಬಿಟ್ಟಿತ್ತು.

ರಿಂಗ್ ರಸ್ತೆ ಬದಿಯ ಬೇವಿನ ಮರದ ಕೆಳಗಿನ ವೆಲ್ಡಿಂಗ್ ಅಂಗಡಿಗೆ ಒಯ್ದೆವು. ಮಿಸ್ತ್ರಿ ಗೋಣಿಚೀಲ ಹಾಸಿಕೊಂಡು ಕೆಳಗೆ ಸರಿದ. ಮೊಬೈಲ್ ಬೆಳಕು ಬಿಟ್ಟು ಸುತ್ತಿಗೆಯಿಂದ ಬಡಿದ. ಮುಂದೆ ಬಡಿದರೆ ಠಣ್ ಅಂತಿತ್ತು. ಹಿಂದೆ ಬಡಿದರೆ ದಬ್ ಅಂತಿತ್ತು. ನಾಲ್ಕನೇ ಪೆಟ್ಟಿಗೆ ತುಕ್ಕು ಪದರು ಪದರಾಗಿ ಅವನ ಮುಖದ ಮೇಲೇ ಉದುರಿತು.

"ಕಾಕಾ, ಇದು ಚಾಸಿ ಅಲ್ರಿ, ಹಪ್ಪಳ ಅದ."

ಕೊಳೆತದ್ದು ಕತ್ತರಿಸಿ ತೆಗೆದ. ಒಳಗೊಂದು, ಹೊರಗೊಂದು ದಪ್ಪ ಪಟ್ಟಿ ಕೊಟ್ಟು ಬೆಸುಗೆ ಹಾಕಿದ. ಕೆಲಸ ಚೊಕ್ಕ ಇತ್ತು. ಆದರೂ ನನಗೆ ಒಂದು ಅನುಮಾನ ಹೊಕ್ಕಿತು. ಚಾಸಿ ಕೊಯ್ದು ಬೆಸೆದ ಮೇಲೆ ಇದು ಆರ್‌ಸಿಯಲ್ಲಿರುವ ಅದೇ ಜೀಪಾ? ಕೇಳಿಯೇಬಿಟ್ಟೆ. ಹರಿದ ಧೋತರಕ್ಕೆ ಹೊಲಿಗೆ ಹಾಕಲು ತಹಶೀಲ್ದಾರರ ಪರವಾನಗಿ ಬೇಕೇನು ಅಂತ ಕೇಳಿದವನನ್ನು ನೋಡುವ ಹಾಗೆ ಮಿಸ್ತ್ರಿ ನನ್ನನ್ನು ನೋಡಿದ.

"ಜೋಡ ಹರಿಯಲ್ರಿ ಸರ್. ಹರಿದ್ರ ಅದರ ಬಾಜೂಕ ಹರೀತದ. ಅಷ್ಟ ನೋಡ್ಕೋತ ಇರ್ರಿ."

ಇಡೀ ಪ್ರಕರಣದಲ್ಲಿ ಕೆಲಸಕ್ಕೆ ಬರುವ ಮಾತು ಇದೊಂದೇ ಎಂದು ಆಮೇಲೆ ಗೊತ್ತಾಯಿತು. ಬೆಸುಗೆಯ ಕಾವಿಗೆ ಪಕ್ಕದ ಉಕ್ಕಿನ ಗುಣ ಬದಲಾಗುತ್ತದೆ. ಮುಂದಿನ ಬಿರುಕು ಹೆಚ್ಚಾಗಿ ಹುಟ್ಟುವುದು ಬೆಸುಗೆಯ ಅಂಚಿನಲ್ಲಿ. ಇದು ಮಿಸ್ತ್ರಿಗೆ ಗೊತ್ತು. ಇದನ್ನು ನೋಡಬೇಕಾದವರಿಗೂ ಗೊತ್ತಿರಬಹುದು, ಆದರೆ ಅದಕ್ಕೆ ಜೀಪಿನ ಕೆಳಗೆ ಮಲಗಬೇಕಾಗುತ್ತದಲ್ಲ.

ಚಹಾದಂಗಡಿಯಲ್ಲಿ ಕೇಳಿದೆ. ಮೂರು ಕಪ್ಪಿಗೆ ನಾಲ್ಕು ಕಾನೂನು ಸಿಕ್ಕವು. ಕೊನೆಗೆ ವಕೀಲಿಕೆ ಮಾಡುವ ಮಾಮಾನಿಗೆ ಫೋನ್ ಹಚ್ಚಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದು ಅಂದರು. ಕಂಪನಿ ಕೊಟ್ಟ ಮೂಲ ವಿವರಕ್ಕೂ ಗಾಡಿಗೂ ತಾಳೆ ಆಗದಂತೆ ಮಾಲೀಕ ಏನನ್ನೂ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಗಟ್ಟಿಯಾಗಿ ಹೇಳಿದೆ. ಅದೇ ವರ್ಷದ ತಿದ್ದುಪಡಿ ಪ್ರಕಾರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ನನ್ನ ಕೈ ತಣ್ಣಗಾಯಿತು. ಕಲಬುರಗಿಯ ಮೇ ತಿಂಗಳಲ್ಲಿ ಅದೂ ಒಂದು ಸುಖವೇ.

"ಗಾಬರಿ ಆಗಬ್ಯಾಡ" ಅಂದರು ಮಾಮಾ. "ಬದಲಾವಣೆ ಅಂದ್ರ ಏನಂತ ಅದರಾಗೇ ಬರದಾರ. ರಚನೆ ಬದಲಾಗಿ ಗಾಡಿಯ ಮೂಲ ಲಕ್ಷಣ ಬದಲಾಗಬೇಕು. ಹರಿದದ್ದು ಅಲ್ಲೇ ಜೋಡಿಸಿದ್ರ ಅದು ರಿಪೇರಿ. ಚಾಸಿ ಕೊಯ್ದು ಉದ್ದ ಮಾಡಿದ್ರ, ಬ್ಯಾರೆ ಗಾಡಿದು ತಂದು ಹಚ್ಚಿದ್ರ ನೀ ಕೆಟ್ಟಿ. ನಂಬರ್ ಇರೋ ಜಾಗಾ ಮಾತ್ರ ಮುಟ್ಟಬ್ಯಾಡ."

ಹಾಗಾದರೆ ರಿಪೇರಿ ಎಲ್ಲಿ ಮುಗಿಯುತ್ತದೆ, ಬದಲಾವಣೆ ಎಲ್ಲಿ ಶುರುವಾಗುತ್ತದೆ? ಇಂಗ್ಲೆಂಡಿನವರು ಇದಕ್ಕೆ ಬಹಳ ಕಾಲ ಅಂಕದ ಲೆಕ್ಕ ಇಟ್ಟುಕೊಂಡಿದ್ದರು. ಮೂಲ ಚಾಸಿಗೆ 5 ಅಂಕ. ಸಸ್ಪೆನ್ಷನ್, ಆಕ್ಸಲ್, ಗೇರ್‌ಬಾಕ್ಸ್, ಸ್ಟೇರಿಂಗ್ ಒಂದೊಂದಕ್ಕೆ 2. ಎಂಜಿನ್ನಿಗೆ ಬರೀ 1. ಹಳೇ ನಂಬರ್ ಉಳಿಯಬೇಕಾದರೆ 8 ಅಂಕ ಬೇಕಿತ್ತು. ಚಾಸಿಯನ್ನೇ ಕತ್ತರಿಸಿ ಬದಲಾಯಿಸಿದರೆ ಹೊಸ ಪರೀಕ್ಷೆ, ಜೊತೆಗೆ 'ಕ್ಯೂ' ಅಕ್ಷರದ ನಂಬರ್. ಈ ಗಾಡಿಯ ಹುಟ್ಟಿನ ಬಗ್ಗೆ ನಮಗೆ ಖಾತ್ರಿ ಇಲ್ಲ ಅಂತ ಅದರ ಅರ್ಥ. ಎಂಜಿನ್ನಿಗಿಂತ ಚಾಸಿಗೆ ಐದು ಪಟ್ಟು ಮರ್ಯಾದೆ! ಓದಿ ನನಗೆ ಹೊಟ್ಟೆಕಿಚ್ಚಾಯಿತು.

ಸುಮ್ನೆ ನಿಂತು ನಮ್ಮ ಟಂಟಂಗಳಿಗೆ, ಅಂದರೆ ಮಂದಿ ಹೇರುವ ಆಟೋಗಳಿಗೆ, ಅಂಕ ಹಾಕಲು ನೋಡಿದೆ. ಡ್ರೈವರ್ ಪಕ್ಕ ಬೆಸೆದ ಹಲಗೆ. ಹಿಂದೆ ಬೆಸೆದ ಬೆಂಚು. ಬೆಂಚಿನವರ ಕಾಲಿಗೆ ಬೆಸೆದ ಮೆಟ್ಟಿಲು. ಮೆಟ್ಟಿಲ ಮೇಲೆ ನಿಂತವರ ಕೈಗೆ ಬೆಸೆದ ಸರಳು. ಒಂದೊಂದಕ್ಕೆ 5,000 ಅಂತ ಹಿಡಿದರೆ 20,000 ಆಯಿತು, ಟಾಪು ಇನ್ನೂ ಲೆಕ್ಕಕ್ಕೆ ತಗೊಂಡಿಲ್ಲ. ಆ ಹಿಂದಿನ ಬೆಂಚಿನ ಮೇಲೆ ಒಬ್ಬರು ಖಾಕಿ ಅಂಗಿಯವರು ಡ್ಯೂಟಿಗೆ ಹೊರಟಿದ್ದರು. ಕಂಡಕ್ಟರೋ ಪೊಲೀಸೋ, ನಾನು ಜಾಸ್ತಿ ನೋಡಲಿಕ್ಕೆ ಹೋಗಲಿಲ್ಲ.

ಕಾಕಾನಿಗೆ ಇದ್ಯಾವ ತಲೆನೋವೂ ಇರಲಿಲ್ಲ. ಅವರ ತರ್ಕವೇ ಬೇರೆ. "ಶರಣಬಸಪ್ಪನ ತೇರಿಂದು ಗಾಲಿ ಹೋದ್ರ ಗಾಲಿ ಹಾಕ್ತಾರ, ಅಚ್ಚು ಹೋದ್ರ ಅಚ್ಚು ಹಾಕ್ತಾರ. ಅಪ್ಪನ ತೇರು ಅಲ್ಲ ಅಂತ ಯಾರರ ಅಂತಾರೇನು? ಊರಿಂದು ಹೆಸರೇ ಬದಲ್ ಮಾಡಿದ್ರು, ಊರು ರದ್ದಾತೇನು?" ಅದೂ ನಿಜವೇ. 2014ರ ನವೆಂಬರ್ 1ಕ್ಕೆ ಗುಲ್ಬರ್ಗಾ ಕಲಬುರಗಿ ಆಯಿತು. ಆರ್‌ಸಿಯಲ್ಲಿ ಕಾಕಾನ ವಿಳಾಸ ಇನ್ನೂ ಗುಲ್ಬರ್ಗಾದಲ್ಲೇ ಇದೆ.

ಜೀಪಿಗೆ ಹದಿನೈದು ವರ್ಷ ತುಂಬಿತ್ತು. ನೋಂದಣಿ ಮುಂದುವರಿಸಬೇಕಾದರೆ ಗಾಡಿಯನ್ನು ತೋರಿಸಬೇಕು, ಪಾಸಾದರೆ ಇನ್ನೈದು ವರ್ಷ. ಯಾವ ಕಚೇರಿಗೆ ಹೋದೆವು ಅಂತ ಕೇಳಬೇಡಿ. ಮತ್ತೆ ಅಲ್ಲಿಗೇ ಹೋಗಬೇಕು ನಾವು.

ತಪ್ಪು ಮುಚ್ಚಿಡಬಾರದು ಎಂದು ನಾನು ಮೊದಲೇ ಬಾಯಿಬಿಟ್ಟೆ. "ಸರ್, ಚಾಸಿಗೆ ಬೆಸುಗೆ ಆಗಿದೆ. ಒಮ್ಮೆ ಕೆಳಗೆ ನೋಡಿಬಿಡಿ."

ಸಾಹೇಬರು ಕಾಗದದಿಂದ ತಲೆ ಎತ್ತಲಿಲ್ಲ. "ನಂಬರ್ ಅದ ಇಲ್ಲ?"

"ಇದೆ ಸರ್. ಆದರೆ ಬೆಸುಗೆ..."

"ನಂಬರ್ ಪ್ರಿಂಟ್ ತೆಗೆಸ್ರಿ."

ಏಜೆಂಟರ ಹುಡುಗನೊಬ್ಬ ಓಡಿ ಬಂದ. ಚಾಸಿಯ ಮೇಲೆ ಕೊರೆದ ನಂಬರನ್ನು ಮೊದಲು ಎಂಜಲು ಹಚ್ಚಿದ ಬೆರಳಿನಿಂದ, ಆಮೇಲೆ ಕಾಕಾನ ಟವೆಲ್ಲಿನಿಂದ ಒರೆಸಿದ. ಅದರ ಮೇಲೆ ತೆಳು ಕಾಗದ ಇಟ್ಟು, ಪೆನ್ಸಿಲನ್ನು ಅಡ್ಡ ಹಿಡಿದು ತಿಕ್ಕಿದ. ಸಣ್ಣವರಿದ್ದಾಗ ನಾವು ಎಂಟಾಣೆ ನಾಣ್ಯದ ಮೇಲೆ ತಿಕ್ಕುತ್ತಿದ್ದೆವಲ್ಲ, ಹಾಗೇ. ಕಪ್ಪಿನ ನಡುವೆ ಬೆಳ್ಳಗೆ ಅಂಕಿಗಳು ಎದ್ದವು. ಇಡೀ ಜೀಪಿನಲ್ಲಿ ಸರ್ಕಾರ ಮುಟ್ಟಿ ನೋಡಿದ್ದು ಆ ಗೇಣುದ್ದದ ಕಬ್ಬಿಣ. ಅದೂ ಏಜೆಂಟರ ಹುಡುಗನ ಕೈಯಿಂದ.

ಕಾಗದ ನೋಡಿ ಸಾಹೇಬರ ಮುಖ ಅರಳಿತು. "ಎಷ್ಟು ಕ್ಲಿಯರ್ ಅದ ನೋಡ್ರಿ! ಹೊಸ ಗಾಡೀದು ಸುದಾ ಹಿಂಗ ಬರಲ್ಲ."

ಒಂದು ವೇಳೆ ತುಕ್ಕು ಒಂದು ಮೊಳ ಆಚೆ ಹಿಡಿದಿದ್ದರೆ? ಅಂದರೆ ಕಮಾನಿನ ಹತ್ತಿರ ಬಿಟ್ಟು ನಂಬರಿನ ಹತ್ತಿರ? ಚಾಸಿ ಕಲ್ಲಿನಷ್ಟು ಗಟ್ಟಿ ಇದ್ದರೂ ಜೀಪು ಅನುಮಾನದ ಮಾಲು ಆಗುತ್ತಿತ್ತು. ಅರ್ಜಿ, ಅನುಮತಿ, ಮತ್ತೆ ನಂಬರ್ ಕೊರೆಸುವುದು, ಆರು ಸಲ ಓಡಾಟ. ನಮ್ಮ ತುಕ್ಕಿಗೆ ಬುದ್ಧಿ ಇತ್ತು.

ಎಲ್ಲ ಮುಗಿಯಿತು ಅನ್ನುವಷ್ಟರಲ್ಲಿ ಸಾಹೇಬರ ಕಣ್ಣು ಜೀಪಿನ ಮೂತಿಯ ಮೇಲೆ ಬಿತ್ತು.

"ಏನ್ರೀ ಇದು, ಬಂಪರ್ ಗಾರ್ಡು?"

2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇವುಗಳ ಮೇಲೆ ಕ್ರಮ ಜರುಗಿಸಿ ಎಂದು ರಾಜ್ಯಗಳಿಗೆ ಬರೆದದ್ದು ನನಗೂ ಗೊತ್ತಿತ್ತು. ಡಿಕ್ಕಿಯಾದರೆ ನಡೆದು ಹೋಗುವವರಿಗೆ ಪೆಟ್ಟು ಜೋರಾಗುತ್ತದೆ, ಏರ್‌ಬ್ಯಾಗ್ ಸರಿಯಾಗಿ ತೆರೆಯದೇ ಹೋಗಬಹುದು. ಕಾರಣ ಸರಿಯಾದದ್ದೇ. ಕಾಕಾನ ಜೀಪಿನಲ್ಲಿ ಏರ್‌ಬ್ಯಾಗ್ ಇಲ್ಲ, ತೊಗರಿ ಬ್ಯಾಗ್ ಇದೆ, ಆ ಮಾತು ಬೇರೆ.

"ಇದು ಜೀವಕ್ಕ ಅಪಾಯ. ತೆಗೆಸಿ ಬರ್ರಿ. ಪಾಸ್ ಮಾಡ್ತೀನಿ."

ಎದುರಿಗೇ ವೆಲ್ಡಿಂಗ್ ಅಂಗಡಿ ಇತ್ತು. ಅದರ ಗೋಡೆಗೆ ಹತ್ತಾರು ಬಂಪರ್ ಗಾರ್ಡುಗಳು ಒರಗಿ ನಿಂತಿದ್ದವು, ಸೀಮೆಸುಣ್ಣದಲ್ಲಿ ಒಂದೊಂದರ ಮೇಲೆ ಒಂದೊಂದು ಗಾಡಿ ನಂಬರ್. ಗುಡಿಯ ಹೊರಗೆ ಬಿಟ್ಟ ಚಪ್ಪಲಿಗಳ ಹಾಗೆ. ನಮ್ಮದನ್ನೂ ಗ್ರೈಂಡರ್ ಹಚ್ಚಿ ಐದು ನಿಮಿಷದಲ್ಲಿ ಬಿಡಿಸಿದರು. ಜೀಪು ಒಳಗೆ ಹೋಯಿತು, ಪಾಸಾಯಿತು, ಹೊರಗೆ ಬಂತು.

ಕಾಕಾ ಏನೂ ಹೇಳಲಿಲ್ಲ. ಅಂಗಡಿಯ ಹುಡುಗ ತಾನೇ ಗಾರ್ಡು ಹೊತ್ತು ತಂದು ಜೀಪಿನ ಮೂತಿಗೆ ಹಿಡಿದ. ಕನ್ನಡಕ ಇಳಿಸಿಕೊಂಡು ಕೇಳಿದ.

"ಕಾಕಾ, ಫುಲ್ ಹಾಕ್ಲ್ಯೋ, ಬರೇ ಟಾಕಾ ಹಾಕ್ಲ್ಯೋ? ಐದು ವರ್ಷಕ್ಕ ಮತ್ತ ಬಿಚ್ಚಬೇಕಲ್ರಿ."